ಬಾರದ ಫೈಲು

೨೦೦೧ರ ಒಂದು ಭಾನುವಾರ ಬೆಳಿಗ್ಗೆ ತುರ್ಭೆಯ ಕೆಮಿಕಲ್ ಗೋದಾಮಿನಲ್ಲಿ ಡ್ರಮ್ಮೊಂದು ಜಾರಿ, ಲೋಡರ್ ಸಿದ್ರಾಮನ ಎರಡೂ ತೋಳುಗಳ ಮೇಲೆ ನೀರಿನಂಥದ್ದೇನೋ ಚೆಲ್ಲಿತು. ನಲ್ಲಿಯಲ್ಲಿ ತೊಳೆದುಕೊಂಡು, ಆಫೀಸಿನ ಹುಡುಗಿಗೆ "ಏನೂ ಆಗಿಲ್ರೀ ಮೇಡಂ, ಜರಾ ಉರೀತದ ಅಷ್ಟ" ಎಂದ. ಅರ್ಧ ಗಂಟೆಯೊಳಗೆ ನೋವು ತಡೆಯಲಾರದೆ ನೆಲಕ್ಕೆ ಕುಸಿದ. ಟೆಂಪೋದಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿದರು.

ಆಫೀಸಿನಲ್ಲಿ ಅಂದು ರಮಿತಾ ಒಬ್ಬಳೇ. ಉಡುಪಿ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಆಸ್ಪತ್ರೆಯಿಂದ ಡಾಕ್ಟರ್ ಫೋನ್ ಮಾಡಿ, ಡ್ರಮ್ಮಿನಲ್ಲಿ ಏನಿತ್ತು ಎಂದು ಕೇಳಿದರು. ಡ್ರಮ್ಮಿನ ಮೇಲೆ ಇದ್ದದ್ದು ಬರೀ ನಂಬರು. ಅದು ಯಾವ ಮಾಲು, ಮೈಮೇಲೆ ಬಿದ್ದರೆ ಏನು ಮಾಡಬೇಕು ಎಂಬುದೆಲ್ಲ ಠಾಣೆ ಪಟ್ಟಣದ ಸಪ್ಲೈಯರನ ಕಂಪ್ಯೂಟರಿನಲ್ಲಿದ್ದ ಬುಲೆಟಿನ್ ಬೋರ್ಡಿನಲ್ಲಿತ್ತು. ಭಾನುವಾರ ಅಲ್ಲಿ ಜನ ಇರುವುದಿಲ್ಲ. ಮೋಡೆಮ್‌ನಿಂದ ಡಯಲ್ ಮಾಡಿದರೆ ಅಲ್ಲಿನ ಕಂಪ್ಯೂಟರೇ ಎತ್ತಿಕೊಳ್ಳುತ್ತದೆ, ಬೇಕಾದ ಫೈಲು ಇಳಿಸಿಕೊಳ್ಳಬಹುದು.

"ದಸ್ ಮಿನಿಟ್, ಡಾಕ್ಟರ್ ಸಾಬ್" ಎಂದಳು ರಮಿತಾ.

ಮೋಡೆಮ್ ಕಿರುಚಿ ಸುಮ್ಮನಾಯಿತು. ಪಟ್ಟಿಯಲ್ಲಿ ಫೈಲು ಸಿಕ್ಕಿತು. ಕೇಳಿದೊಡನೆ, ಕಳಿಸಲು ಸಿದ್ಧ ಎಂಬ ಸಾಲು ಪರದೆಯ ಮೇಲೆ ಮೂಡಿತು. ಬರುತ್ತಿದೆ ಅಂದುಕೊಂಡು ಅವಳು ಕಾದಳು. ಕೆಲವು ನಿಮಿಷದ ಮೇಲೆ ಬೋರ್ಡು ತಾನಾಗಿ ರದ್ದು ಮಾಡಿತು. ಮತ್ತೆ ಕೇಳಿದಳು, ಮತ್ತೆ ಹಾಗೇ. ಹೀಗೆ ಎಷ್ಟು ಸಲವೋ. ಕೊನೆಗೆ ಲೈನು ಕಡಿದು, ಡೊಂಬಿವಲಿಯಲ್ಲಿದ್ದ ಹಿರಿಯ ಗುಮಾಸ್ತ ಕಮಲಾಕ್ಷನ ಮನೆಗೆ ಫೋನ್ ಮಾಡಿದಳು.

"ಅಣ್ಣಾ, ಸಿದ್ಧ ಅಂತ ಹೇಳ್ತದೆ, ಮತ್ತೆ ಸುಮ್ಮನೆ ಕೂತ್ಕೊಳ್ತದೆ."

"ನಿನ್ನ ಕಂಪ್ಯೂಟರಿಗೆ ತೆಗೊಳ್ಳಿಕ್ಕೆ ಹೇಳಿದ್ಯಾ ಮಾರಾಯ್ತಿ?"

"ಅದಕ್ಕೂ ಹೇಳ್ಬೇಕಾ?"

"ಮತ್ತೆ? ತೆಗೊಳ್ಳುವ ಕಡೆಯಿಂದ ಕಳಿಸು ಅಂತ ಸಿಗ್ನಲ್ ಹೋಗದೆ ಆ ಕಡೆಯವ ಒಂದಕ್ಷರ ಬಿಡುದಿಲ್ಲ. ಎಕ್ಸ್‌ಮೋಡೆಮ್ ಅಂದ್ರೆ ಫೈಲು ಕಳಿಸುವ ಕ್ರಮ, ಅದು ಹಾಗೇ. ಬೋರ್ಡಲ್ಲಿ ಕೇಳಿ ಆದ ಕೂಡ್ಲೆ ಇಲ್ಲಿ ಪೇಜ್‌ಡೌನ್ ಒತ್ತು, ಎಕ್ಸ್‌ಮೋಡೆಮ್ ಆರಿಸು."

ಈ ಸಲ ಪರದೆಯ ಮೇಲೆ ಅಂಕಿಗಳು ಓಡಿದವು. ಒಂದೇ ನಿಮಿಷದಲ್ಲಿ ಫೈಲು ಇಳಿಯಿತು. ಹೈಡ್ರೋಫ್ಲೋರಿಕ್ ಆಸಿಡ್, ನೀರಿನಲ್ಲಿ ತೊಳೆದರೆ ಸಾಲದು, ಕೂಡಲೇ ಕ್ಯಾಲ್ಸಿಯಂ ಕೊಡಬೇಕು, ತಡವಾದರೆ ಹೃದಯ ನಿಲ್ಲಬಹುದು ಎಂದಿತ್ತು.

ಆಸ್ಪತ್ರೆಗೆ ತಿಳಿಸಿದಾಗ ಡಾಕ್ಟರ್ ಸಿಡುಕಿದರು: "ಚಾಲೀಸ್ ಮಿನಿಟ್ ಸೇ ಆಪ್‌ಕಾ ಫೋನ್ ಎಂಗೇಜ್ ಹೈ." ಫೋನಿಗೂ ಮೋಡೆಮ್‌ಗೂ ಇದ್ದದ್ದು ಅದೊಂದೇ ಲೈನು; ನಲವತ್ತು ನಿಮಿಷವೂ ಅದನ್ನು ಹಿಡಿದಿಟ್ಟವಳು ಅವಳೇ.

ಮಧ್ಯಾಹ್ನ ಎರಡರ ಹೊತ್ತಿಗೆ ಸಿದ್ರಾಮ ತೀರಿಕೊಂಡ.

ಆಸ್ಪತ್ರೆಯ ಬಾಗಿಲಲ್ಲಿ ಕಮಲಾಕ್ಷ, "ಲೈನ್ ಸಿಗ್ಲಿಲ್ಲ ಅಂತ ಹೇಳು, ಸಾಕು" ಎಂದ. ರಮಿತಾ ಒಳಗೆ ಹೋಗಿ ಸಿದ್ರಾಮನ ಹೆಂಡತಿ ಮರಗಮ್ಮನ ಪಕ್ಕ ನೆಲದ ಮೇಲೆ ಕೂತಳು.

"ಫೈಲು ತೆಗೊಳ್ಳುದು ನನಗೆ ಗೊತ್ತಿರ್ಲಿಲ್ಲ ಅಕ್ಕಾ. ಬರ್ತದೆ ಅಂತ ಸುಮ್ಮನೆ ಕಾದೆ."

"ನಿಮಗ ಯಾರೂ ಕಲಿಸಿರಲಿಲ್ಲೇನ್ರಿ?"

"ಇಲ್ಲ."

ಮರಗಮ್ಮ, "ಡ್ರಮ್ಮಿನ್ಯಾಗ ಏನದ ಅಂತ ಅವಂಗೂ ಯಾರೂ ಹೇಳಿರಲಿಲ್ಲ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತನಗೆ ಯಾರೂ ಕಲಿಸಿರಲಿಲ್ಲ, ಸಿದ್ರಾಮನಿಗೂ ಯಾರೂ ಹೇಳಿರಲಿಲ್ಲ ಎಂಬ ಎರಡೂ ಮಾತನ್ನು ರಮಿತಾ ವಿಚಾರಣೆಗೆ ಬಂದ ಅಧಿಕಾರಿಗೂ ಬರೆದುಕೊಟ್ಟಳು. ಮರುವಾರ ಅವಳನ್ನು ಕೆಲಸದಿಂದ ತೆಗೆದರು. ಡ್ರಮ್ಮುಗಳ ಮೇಲೆ ಆಗಲೂ ಬರೀ ನಂಬರೇ ಇತ್ತು.