ಮರ ವಾಲಿದ ಕಡೆ

ಯಾವ ಬೇವು ಕಡಿಸುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನಿಸಲು ಧನಶ್ರೀಗೆ ಎಂಟು ದಿನ ಹಿಡಿಯಿತು. ತೇರದಾಳದ ಹೊರಗಿನ ಅವರ ಹೊಲದ ಬದುವಿನ ಮೇಲೆ ಹನ್ನೊಂದು ಬೇವಿನ ಮರಗಳಿದ್ದವು. ಹೊಸ ಮನೆಯ ಬಾಗಿಲು ಚೌಕಟ್ಟಿಗೆ ನಾಲ್ಕು ಸಾಕು. ಹಸಿ ಮರ ಕಡಿಸುವುದೇ ಪಾಪ, ಕಡಿಸಲೇಬೇಕಾದರೆ ಗೂಡಿಲ್ಲದ್ದನ್ನು ಕಡಿಸಬೇಕು ಎಂಬುದು ಅತ್ತೆ ಇದ್ದಾಗಿನಿಂದ ಆ ಜೈನರ ಮನೆಯಲ್ಲಿ ನಡೆದುಬಂದ ಮಾತು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಪ್ರತಿ ಮರದ ಕೆಳಗೆ ನಿಂತು ಕುತ್ತಿಗೆ ನೋಯುವತನಕ ಮೇಲೆ ನೋಡಿದಳು. ಕೊನೆಗೆ ನಾಲ್ಕು ಬೊಡ್ಡೆಗಳಿಗೆ ಕೆಂಪು ಬಣ್ಣ ಬಳಿದಳು. ಬಳಿದ ಮೇಲೂ ಎರಡು ಸಲ ಹೋಗಿ ನೋಡಿ ಬಂದಳು.

ರಬಕವಿಯ ಹುಲೆಪ್ಪ ಮರ ಕಡಿಯುವ ಮಷಿನ್ ಹೆಗಲಿಗೇರಿಸಿಕೊಂಡು ಬಂದ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಟೊಂಗೆ ಸವರಲು ಹೆಂಡತಿ ತಾರವ್ವ, ದಿಮ್ಮಿ ಎಳೆಯಲು ಬಾಡಿಗೆಯ ಟ್ರ್ಯಾಕ್ಟರ್.

"ಅಕ್ಕಾರ, ಹೆಣ್ಣ ನೋಡಾಕ ಹೋದವ್ರೂ ಇಷ್ಟ ನೋಡಂಗಿಲ್ಲ ಬಿಡ್ರಿ," ಎಂದ ಹುಲೆಪ್ಪ, ಕೆಂಪು ಗುರುತುಗಳನ್ನು ನೋಡಿ.

"ಅವ್ರು ಚಾ ಕುಡದು ಹೋಗ್ತಾರ," ಎಂದಳು ತಾರವ್ವ.

"ನಿನ್ನ ನೋಡಾಕ ಬಂದಾಗ ನಾನೂ ಚಾ ಅಷ್ಟ ನೋಡಿದ್ನಿ. ಅದಕ್ಕ ಈ ಗತಿ."

ಮಧ್ಯಾಹ್ನದೊಳಗೆ ಎರಡು ಮರ ಉರುಳಿದವು. ಮೂರನೆಯದರ ಸುತ್ತ ಒಂದು ಸುತ್ತು ಬಂದು ಹುಲೆಪ್ಪ, "ಇದು ಬಾವಿ ಕಡೆ ವಾಲೈತಿ, ಅತ್ತಾಗ ಕೆಡವತೇನಿ," ಎಂದ. ಧನಶ್ರೀ ಅತ್ತ ನೋಡಿದಳು. ಬಾವಿಯ ಮೇಲೆ ಬಾಗಿದ ಜಾಲಿಮರದ ತುಂಬ ಗೀಜಗನ ಗೂಡುಗಳು ತೂಗಾಡುತ್ತಿದ್ದವು. ಎಂಟು ದಿನವೂ ಕಡಿಯುವ ಮರದಲ್ಲಿ ಗೂಡು ಹುಡುಕಿದ್ದಳೇ ಹೊರತು, ಆ ಮರ ಎಲ್ಲಿ ಬೀಳುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

"ಅದರಾಗ ಮರಿ ಅದಾವ ಹುಲೆಪ್ಪ. ಈ ಕಡೆ ಕೆಡವಾಕ ಬರಂಗಿಲ್ಲೇನು?"

"ಮರ ಒಪ್ಪಂಗಿಲ್ರಿ."

"ಹಗ್ಗ ಕಟ್ಟಿ ಟ್ರ್ಯಾಕ್ಟರ್‌ಲೆ ಜಗ್ಗಿದ್ರ?"

"ಬಂದ್ರ ಬಂತು. ಬರಲಿಲ್ಲಂದ್ರ ನನ್ನ ಮೈಮ್ಯಾಲ." ನಕ್ಕ. "ಬ್ಯಾಡ್ರಿ. ಮರಿ ಹಾರಿ ಹೋಗಲಿ, ಮುಂದಿನ ತಿಂಗಳ ಬರ್ತೇನಿ."

"ಮುಂದಿನ ವಾರ ಚಾತುರ್ಮಾಸ ಹಿಡೀತೈತಿ. ಆಮ್ಯಾಲ ನಾಕ ತಿಂಗಳು ನಮ್ಮ ಮನಿಯಾಗ ಮರ ಕಡಸಂಗಿಲ್ಲ."

ಹುಲೆಪ್ಪ ಮರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಆತು ಬಿಡ್ರಿ. ಹಗ್ಗ ಹಾಕೂಣು."

ತಾರವ್ವ ಆಗ ದೂರದಲ್ಲಿ ಟೊಂಗೆ ಸವರುತ್ತಿದ್ದಳು. ಟ್ರ್ಯಾಕ್ಟರಿನವನು ಅದರ ಸದ್ದಿನಲ್ಲಿದ್ದ. ಆ ಮಾತು ಮತ್ತಾರಿಗೂ ಕೇಳಿಸಲಿಲ್ಲ.

ಬೀಳಬೇಕಾದ ಕಡೆಗೆ ಮೊದಲು ಒಂದು ಕಚ್ಚು ಹಾಕಿ, ಆಮೇಲೆ ಬೆನ್ನಿನ ಕಡೆಯಿಂದ ಕೊಯ್ಯಬೇಕು. ಮರ ಈಗ ಇತ್ತ ಬೀಳಬೇಕಿದ್ದರಿಂದ ಹುಲೆಪ್ಪ ಅದು ವಾಲಿದ್ದ ಬಾವಿಯ ಕಡೆಯೇ, ಅದರ ಭಾರದ ಕೆಳಗೇ ಮಂಡಿಯೂರಿದ. ಮಷಿನ್ ಒಳಗಿಳಿಯಿತು. ಹಗ್ಗ ಬಿಗಿಯಿತು. ಮರ ನಡುಗಿ ಒಂದು ಗೇಣು ಇತ್ತ ಬಂತು. ಬಂತು ಎಂದು ಧನಶ್ರೀ ಉಸಿರು ಬಿಡುವಷ್ಟರಲ್ಲಿ ಹಗ್ಗ ಹರಿಯಿತು. ಬೇವು ತಾನು ವಾಲಿದ್ದ ಕಡೆಗೇ ಹೋಯಿತು. ಅವನು ಏಳಲು ಒಂದು ಕೈ ನೆಲಕ್ಕೂರಿದ್ದನ್ನು ಅವಳು ನೋಡಿದಳು. ಮಷಿನ್ ಎಲೆಗಳ ಒಳಗೆಲ್ಲೋ ಇನ್ನೂ ಸ್ವಲ್ಪ ಹೊತ್ತು ಒದರುತ್ತಿತ್ತು. ಜಾಲಿಯ ಗೂಡುಗಳು ಟೊಂಗೆಗಳ ಸಮೇತ ಬಾವಿಯೊಳಗೆ ಬಿದ್ದಿದ್ದವು.

ಜಮಖಂಡಿಯ ದವಾಖಾನೆ ಮುಟ್ಟುವ ಮೊದಲೇ ಹುಲೆಪ್ಪ ಸತ್ತ.

"ಅಷ್ಟ ವರ್ಷ ಕೆಲಸಾ ಮಾಡಿದಾಂವ ಉಲ್ಟಾ ಕೊಯ್ದಾನಂದ್ರ ಹೆಂಗರಿ?" ಎಂದು ಪೊಲೀಸರು ಕೇಳಿದ್ದಕ್ಕೆ ಧನಶ್ರೀಯಿಂದ ನಡೆದದ್ದೆಲ್ಲ ಕೇಳಿ ತಿಳಿದಿದ್ದ ಅವಳ ಗಂಡ ವೃಷಭ, ಹುಲೆಪ್ಪನ ಬಾಯಿಂದ ಹೆಂಡದ ವಾಸನೆ ಬಂದಂತಾಗಿತ್ತು ಎಂದ.

"ನೀವು ಆವತ್ತ ಹೊಲದಾಗ ಇರಲೇ ಇಲ್ಲಲ್ರಿ," ಎಂದಳು ಧನಶ್ರೀ ಮನೆಗೆ ಬಂದ ಮೇಲೆ.

"ಬಂದಂಗಾತು ಅಂದೇನಿ ಅಷ್ಟ. ನೀ ಹೇಳಿ ಮಾಡಿಸಿದಿ ಅಂತ ಬರಸಲೇನು? ಸುಮ್ಮ ಕೂಡು."

ಬದುಕಿರುವವನಿಗೆ ನೋವಾಗುವ ಸುಳ್ಳು ಪಾಪ, ಸತ್ತವನಿಗೆ ಏನು ನೋವು ಎಂದು ಅವಳು ನಾಲ್ಕು ದಿನ ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಆ ಮಾತು ರಬಕವಿ ಮುಟ್ಟಿತ್ತು. ಬಸ್ಸಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರಂತೆ: ಕುಡಿದು ಮರದ ಕೆಳಗೆ ಕೂತಿದ್ದನಂತೆ, ಪುಣ್ಯಕ್ಕೆ ಹೆಂಡತಿ ಉಳಿದಳಂತೆ.

ಐದನೇ ದಿನ ಗಂಡ ಹೆಂಡತಿ ರಬಕವಿಗೆ, ಹುಲೆಪ್ಪನ ಮನೆಯವರನ್ನು ಮಾತಾಡಿಸಿ ಬರಲು ಹೋದರು. ವೃಷಭ ಹೊರಗಿನ ಕಟ್ಟೆಯ ಮೇಲೆ ಗಂಡಸರ ನಡುವೆ ಕೂತ. ಧನಶ್ರೀ ಒಳಗೆ ಹೋದಳು. ತಾರವ್ವ ಗೋಡೆಗೆ ಒರಗಿದ್ದಳು. ಅಳು ಮುಗಿದು ಮುಖ ಬತ್ತಿತ್ತು.

"ಅಕ್ಕಾರ, ನೀವು ಬಾಜೂಕ ಇದ್ರಿ. ಖರೆ ಹೇಳ್ರಿ. ಮದುವ್ಯಾಗಿ ಹದಿನೆಂಟ ವರ್ಷದಾಗ ಮುಟ್ಟಿದಾಂವಲ್ಲ. ಆವತ್ತ ನನ್ನ ಕಣ್ಣ ತಪ್ಪಿಸಿ ಕುಡದಿದ್ನೇನ್ರಿ? ಮಂದಿ ಅನ್ನೂದ ಕೇಳಿ ಕೇಳಿ ನನಗೂ ಹಂಗ ಅನಸಾಕತೈತಿ. ಅವನ ಮ್ಯಾಲ ಸಿಟ್ಟ ಬರಾಕತೈತ್ರಿ."

ಧನಶ್ರೀ ಅವಳ ಎದುರು ಕೂತಳು.

"ಕುಡದಿರಲಿಲ್ಲ. ಬ್ಯಾಡಂದಿದ್ದ. ಹಕ್ಕಿಮರಿ ಅದಾವ, ಈ ಕಡೆ ಕೆಡವು ಅಂತ ನಾನ ಹೇಳಿದ್ನಿ."

ತಾರವ್ವ ಬೈಯಲಿಲ್ಲ. ಎದ್ದು ಬಂದು ಅವಳ ರಟ್ಟೆ ಹಿಡಿದಳು.

"ಇಲ್ಲಿ ಬ್ಯಾಡ್ರಿ. ಅಲ್ಲಿ ಹೇಳ್ರಿ."

ಬಾಗಿಲಾಚೆ ಎಳೆದು ತಂದು ಕಟ್ಟೆಯ ಮುಂದೆ ನಿಲ್ಲಿಸಿದಳು. ಪಕ್ಕದ ಮನೆಯ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ಧನಶ್ರೀ ಹೇಳಿದಳು.

"ಕೇಳಸಲಿಲ್ರಿ ಅಕ್ಕಾರ. ಏನಂದ್ರಿ?" ಎಂದ ಹುಲೆಪ್ಪನ ತಮ್ಮ ಚಿದಾನಂದ.

ವೃಷಭ ಎದ್ದು ನಿಂತಿದ್ದ. "ಏನಿಲ್ಲ. ಆಕೀಗಿ ಆರಾಮಿಲ್ಲ. ನಡಿ ಧನಾ, ಹೋಗೂಣು."

ತಾರವ್ವ ರಟ್ಟೆ ಬಿಟ್ಟಿರಲಿಲ್ಲ. ಧನಶ್ರೀಯೂ ಬಿಡಿಸಿಕೊಳ್ಳಲಿಲ್ಲ. ಮಗ್ಗದ ಸದ್ದಿಗಿಂತ ದನಿ ಮೇಲೆತ್ತಿ, ಮೊದಲಿನಿಂದ ಮತ್ತೆ ಹೇಳತೊಡಗಿದಳು.