ಭರ್ಜಿಯ ಸಾಲು

ಕಲ್ಮೇಶ ಎಡ ಮೊಣಕಾಲೂರಿ, ಭರ್ಜಿಯ ಬುಡವನ್ನು ನೆಲಕ್ಕೆ ಒತ್ತಿ ಹಿಡಿದ. ಎದುರಿನಿಂದ ಕುದುರೆಗಳು ಓಡಿ ಬರುತ್ತಿದ್ದವು.

“ಯಾರೂ ಎತ್ತಬ್ಯಾಡ್ರಿ. ಒಬ್ಬಾಂವ ಎತ್ತಿದ್ರ ಸಾಲು ಹರೀತೈತಿ,” ಹಿಂದಿನಿಂದ ನಿಜಗುಣಪ್ಪ ಮಾಸ್ತರರ ದನಿ.

ಕಿತ್ತೂರಿನ ಈ ನಿವೃತ್ತ ಇತಿಹಾಸ ಮಾಸ್ತರರು ಬೈಲಹೊಂಗಲದ ಹುಡುಗರನ್ನು ಕೂಡಿಸಿ ಹಳೆಯ ಕಾಲದ ದಂಡಿನ ಪ್ರದರ್ಶನವೊಂದನ್ನು ಕಟ್ಟುತ್ತಿದ್ದರು. ಕವಣೆಯವರು ಕಲ್ಲು ಬೀರಿ ಹಿಂದೆ ಸರಿಯಬೇಕು. ಬಿಲ್ಲಿನವರು ಗುರಾಣಿಗಳ ಮರೆಯಿಂದ ಬಾಣ ಬಿಡಬೇಕು. ಹಗುರ ಕುದುರೆಯವರು ಅಕ್ಕಪಕ್ಕ ಸುತ್ತಿ ಕಾಡಿ ಓಡಬೇಕು. ಕವಚದ ಕುದುರೆಯವರು ನೇರ ನುಗ್ಗಬೇಕು. ಅವರಿಗೆ ಕಾಲಾಳಿನ ಉತ್ತರವೆಂದರೆ ಅಲುಗದ ಭರ್ಜಿಯ ಸಾಲು. “ಕುದರಿ ನಮಗಿಂತ ಶಾಣ್ಯಾ ಇರತೈತಿ. ಗ್ವಾಡಿ ಕಂಡ್ರ ತಾನ ನಿಂದರತೈತಿ,” ಎಂದಿದ್ದರು ಮಾಸ್ತರರು. ಕೊನೆಯವರೆಗೆ ಅಲುಗದವನೇ ಕಾಲಾಳಿನ ದಳವಾಯಿ ಎಂದೂ ಹೇಳಿದ್ದರು.

ಕಲ್ಮೇಶ ಟೈರ್ ಅಂಗಡಿಯಲ್ಲಿ ಪಂಕ್ಚರ್ ತೆಗೆಯುವವನು, ಎತ್ತರ ಸಾಲದೆ ಸೈನ್ಯದ ಭರ್ತಿಯಿಂದ ಹೊರಬಿದ್ದವನು. ದಳವಾಯಿಯಾಗುವುದು ಅವನಿಗೆ ಆಟವಾಗಿರಲಿಲ್ಲ.

“ನಿನ್ನ ಎತ್ತರಕ್ಕ ಕುಂದರೂ ಕೆಲಸನ ಬರೋಬ್ಬರಿ ನೋಡಲೇ,” ಪಕ್ಕದಲ್ಲಿ ಕುಳಿತ ಲಗಮಪ್ಪ ನಕ್ಕ.

ಇಷ್ಟು ದಿನ ಕುದುರೆಗಳ ಬದಲು ಮೋಟಾರ್ ಸೈಕಲ್ ಓಡಿಸಿ ತಾಲೀಮು ನಡೆದಿತ್ತು. ನಿಜವಾದ ಕುದುರೆಗಳು ಬಂದದ್ದು ಇವತ್ತೇ. ಸವದತ್ತಿಯಿಂದ ತರಿಸಿದ ಮದುವೆ ಮೆರವಣಿಗೆಯ ಕುದುರೆಗಳು ಭರ್ಜಿಗಳನ್ನು ಕಂಡದ್ದೇ ಹಿಂಜರಿದು ಪಕ್ಕಕ್ಕೆ ತಿರುಗಿದವು. ಗುಲಾಬಿ ತಿರುಗಲಿಲ್ಲ. ಅದು ಟಾಂಗಾ ಹೊಡೆಯುವ ಅಲ್ಲಾಸಾಬನ ಕುದುರೆ. ಅಂಗಡಿಯ ಮುಂದೆ ನಿಂತಾಗಲೆಲ್ಲ ಬೆಲ್ಲಕ್ಕಾಗಿ ಕಲ್ಮೇಶನ ಜೇಬು ಮೂಸುತ್ತಿತ್ತು. ಮೇಲೆ ಕುಳಿತ ಅಲ್ಲಾಸಾಬ ಲಗಾಮು ಜಗ್ಗುತ್ತಿದ್ದ. ಲಗಮಪ್ಪ ಭರ್ಜಿ ಬಿಸಾಕಿ ಜಿಗಿದ, ಉಳಿದವರೂ ಚದುರಿದರು. ಕಲ್ಮೇಶ ಕಣ್ಣು ಮುಚ್ಚಿ ಹಿಡಿದೇ ಇದ್ದ.

ಭರ್ಜಿ ಬರೀ ಬಿದಿರಿನದು, ತುದಿಗೆ ತೆಳು ತಗಡು. ಆದರೆ ಗುಲಾಬಿಯ ಎದೆಗೆ ನಾಟಿ ಸೀಳಿದ ಬಿದಿರಿಗೆ ಕಬ್ಬಿಣ ಬೇಕಿರಲಿಲ್ಲ.

ದನದ ಡಾಕ್ಟರ್ ಬಂದರು, ಎದೆಯ ಗಾಯ ನೋಡಿದರು, ಸಂಕಟ ತೀರಿಸುವ ಇಂಜೆಕ್ಷನ್ ಕೊಟ್ಟು ಹೋದರು. ಬಿದ್ದು ಭುಜ ತರಚಿಸಿಕೊಂಡಿದ್ದ ಅಲ್ಲಾಸಾಬ ಗುಲಾಬಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

“ಅದ್ಯಾಕ ನಿಲ್ಲಲಿಲ್ಲೋ ಮಾರಾಯಾ?” ಮಾಸ್ತರರು ಕೇಳಿದರು.

“ಪ್ಯಾಟ್ಯಾಗ ಬೆಳದದ್ದರಿ ಇದು. ಮಂದಿ ಎದುರ ಬಂದ್ರ ನಿಂದರಬ್ಯಾಡ, ನಡಿ, ಅವರ ಸರೀತಾರ ಅಂತ ನಾನ ಕಲಿಸೇನಿ. ಸರಕೊಂಡಾರ್ರಿ ಮಂದಿ, ಯಾವತ್ತೂ ಸರಕೊಂಡಾರ. ಕುದರಿ ಕೇಳಾಕ ಬಂದಾಗ ನನಗೂ ಇದು ಹೊಳೀಲಿಲ್ಲ.” ಕುದುರೆಯ ಕಿವಿಗೆ ಹತ್ತಿದ ಮಣ್ಣನ್ನು ಅವನು ಬೆರಳಿನಿಂದ ಒರೆಸಿದ.

“ಕಾಕಾ, ನಾ ಎತ್ತಿದ್ದರ...” ಕಲ್ಮೇಶ ಅಲ್ಲಾಸಾಬನ ಪಕ್ಕ ಕುಕ್ಕರಿಸಿದ.

“ನಿನಗ ಎತ್ತಬ್ಯಾಡ ಅಂದಿದ್ರಲ್ಲಪಾ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಕಲ್ಮೇಶ ಸಿಟ್ಟನ್ನೇ ಹುಡುಕುತ್ತಿದ್ದ.

ಸತ್ತ ಗುಲಾಬಿಯನ್ನು ಟ್ರ್ಯಾಕ್ಟರ್ ಟ್ರಾಲಿಗೆ ಏರಿಸಿ ಒಯ್ದರು. ಹುಡುಗರೆಲ್ಲ ಹೋದ ಮೇಲೆ ಮಾಸ್ತರರು ಕಾರಿನಿಂದ ದಳವಾಯಿಯ ಕತ್ತಿ ತೆಗೆದುಕೊಂಡು ಬಂದರು.

“ಆಗಬಾರದ್ದು ಆತು. ತಪ್ಪು ನಂದ. ಖರೆ ಸಾಲಿನಾಗ ಕಡೀತನಕ ನಿಂತಾಂವ ನೀನೊಬ್ಬನ, ತಮ್ಮಾ. ಹಿಡಿ.”

“ಒಲ್ಲೆರಿ,” ಎಂದ ಕಲ್ಮೇಶ.