ಹೋದವರು ಕಾಣುವ ಊರು

ನವಲಗುಂದದ ಕಡೆಯ ಎರೆಹೊಲ ರೊಟ್ಟಿ ತಟ್ಟಿಟ್ಟಂತೆ ಸಪಾಟು. ಆ ಸಪಾಟು ನೆಲವನ್ನೇ ಬಂಡವಾಳ ಮಾಡಿಕೊಂಡು ಶಶಿಕಾಂತ್ ಅಟ್ಲಾಂಟಾದ ಕನ್ನಡಿಗರನ್ನು ವರ್ಷಗಟ್ಟಲೆ ನಗಿಸಿದ. ಊರಂಚಿನ ನಾರ್‌ಕ್ರಾಸ್‌ನ ಬಾಡಿಗೆ ಹಾಲ್‌ನಲ್ಲಿ ರಾಜ್ಯೋತ್ಸವವೆಂದರೆ ಮೈಸೂರಿನವರಿಗೆ ಭಾವಗೀತೆ, ಬೆಂಗಳೂರಿನವರಿಗೆ ನಿರೂಪಣೆ, ಉತ್ತರ ಕರ್ನಾಟಕದವನಿಗೆ ಕಾಮಿಡಿ. ಹೀಗೆಂದು ಯಾರೂ ನಿಯಮ ಮಾಡಿರಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ. ಅವನು ಮೈಕ್ ಹಿಡಿದು "ನಮ್ಮೂರಾಗ" ಅಂದರೆ ಸಾಕು, ಮುಂದಿನ ಸಾಲು ಕುಲುಕತೊಡಗುತ್ತಿತ್ತು.

ಕನ್ನಡ ಕೂಟದ ಅಧ್ಯಕ್ಷ ಮುರಳೀಧರ ಕೆಳಗೆ ಕೂತು ಕೀ ಕೊಡುತ್ತಿದ್ದ. "ಶಶಿ, ನಿಮ್ಮೂರಲ್ಲಿ ಮಕ್ಕಳಿಗೆ ಬೆಟ್ಟ ತೋರಿಸ್ಬೇಕು ಅಂದ್ರೆ ರೋಡ್ ಹಂಪ್ ಹತ್ರ ಕರ್ಕೊಂಡು ಹೋಗ್ತಾರಂತೆ, ಹೌದಾ?"

"ಹೌದ್ರೀ. ಅದಕ್ಕ ಟಿಕೆಟ್ ಬ್ಯಾರೆ ಐತಿ," ಎನ್ನುತ್ತಿದ್ದ ಶಶಿಕಾಂತ್. ಆಮೇಲೆ ಎಲ್ಲರೂ ಕಾದು ಕೂತಿದ್ದ ಮಾತು ಬರುತ್ತಿತ್ತು. "ನಮ್ಮೂರಾಗ ಹೇಣ್ತಿ ಸಿಟ್ಟಾಗಿ ತವರಿಗೆ ಹೊಂಟ್ರ ಗಂಡ ಬೆನ್ನು ಹತ್ತಂಗಿಲ್ರೀ. ಉಣ್ತಾನ, ಒಂದು ನಿದ್ದಿ ತಗೀತಾನ. ಎದ್ದು ನೋಡಿದ್ರ ಆಕಿ ಇನ್ನೂ ಕಾಣ್ತಿರ್ತಾಳ."

ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ಪ್ರತಿ ವರ್ಷ ಆ ಮಾತಿಗೇ ಅವನ ಹೆಂಡತಿ ಪ್ರತಿಭಾ ಹಿಂದಿನ ಸಾಲಿನಿಂದ ಎದ್ದು ಬಾಗಿಲು ತಳ್ಳಿಕೊಂಡು ಹೊರಗೆ ಹೋಗುತ್ತಿದ್ದಳು. ಅವಳೂ ಅದೇ ಸೀಮೆಯವಳು. ಹೋಗುವವರಿಗೆ ಅಲ್ಲಿ ಯಾರೂ ಬೆನ್ನು ಮಾಡುವುದಿಲ್ಲ. ಬಸ್ಸು ಚುಕ್ಕೆಯಾಗಿ ಕರಗುವವರೆಗೆ ಬಾಗಿಲಲ್ಲಿ ನಿಂತು ನೋಡುತ್ತಾರೆ, ಒಲೆಯ ಮೇಲೆ ಹಾಲು ಉಕ್ಕಿದರೂ ಸರಿ.

"ನಮ್ಮವ್ವ ಕಣ್ಣೀರು ಒರಸ್ಕೋತ ನಿಂತು ನೋಡಿದ್ದನ್ನ ನೀವು ಮಾರ್ಕೊಂಡು ಚಪ್ಪಾಳಿ ತಗೋತೀರಿ," ಎಂದು ಒಮ್ಮೆ ಕಾರಿನಲ್ಲಿ ಹೇಳಿದ್ದಳು.

"ಮಂದಿ ನಗಲಿ ಬಿಡು. ಇಲ್ಲಂದ್ರ ನಮ್ಮನ್ನ ಯಾರು ಕರೀತಾರ?" ಎಂದಿದ್ದ ಅವನು.

ಎರಡು ಸಾವಿರದ ಇಪ್ಪತ್ತೊಂದರ ಜನವರಿಯಲ್ಲಿ ಪ್ರತಿಭಾಳಿಗೆ ಕೋವಿಡ್ ತಗುಲಿತು. ಜೊತೆಗೆ ಬರುವಂತಿಲ್ಲ ಎಂದು ಹೇಳಿ ಆಂಬುಲೆನ್ಸ್‌ನವರು ಬಾಗಿಲು ಹಾಕಿಕೊಂಡರು. ಶಶಿಕಾಂತ್ ಡ್ರೈವ್‌ವೇಯಲ್ಲಿ ನಿಂತ. ನಾಲ್ಕು ಮನೆ ದಾಟಿದರೆ ತಿರುವು, ತಿರುವಿನ ತುಂಬ ಪೈನ್ ಮರ. ಕೈ ಎತ್ತುವಷ್ಟರಲ್ಲಿ ಗಾಡಿ ಮರೆಯಾಯಿತು. ಅವಳು ಹಿಂದಿರುಗಲಿಲ್ಲ. ಆ ಮರಗಳ ಮೇಲೆ ಅವನಿಗೆ ಇಂದಿಗೂ ಹಲ್ಲು ಕಡಿಯುವಷ್ಟು ಸಿಟ್ಟು.

ಲಸಿಕೆ ಬಂದು, ನವೆಂಬರಿನಲ್ಲಿ ಕೂಟ ಮತ್ತೆ ಸೇರಿತು. "ಪ್ರತಿಭಾ ಅವರ ಬಗ್ಗೆ ಎರಡು ನಿಮಿಷ ಮಾತಾಡಿ ಶಶಿ. ಆಮೇಲೆ ಪ್ರೋಗ್ರಾಂ ಸ್ಟಾರ್ಟ್ ಮಾಡೋಣ," ಎಂದ ಮುರಳೀಧರ. ಶಶಿಕಾಂತ್ ಒಪ್ಪಿಕೊಂಡ. ಆ ತಿರುವಿನ ಮಾತನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಒಮ್ಮೆಯಾದರೂ ಈ ಜನ ತನ್ನ ಮಾತನ್ನು ನಗದೆ ಕೇಳಲಿ ಎಂಬುದೊಂದೇ ಅವನ ಆಸೆ.

ಮೈಕ್ ಹಿಡಿದ.

"ನಮ್ಮೂರಾಗ," ಎಂದ.

ಎಲ್ಲೋ ಒಬ್ಬರು ಕಿಸಕ್ಕೆಂದರು.

"ನಮ್ಮೂರಾಗ ಹೋದೋರು ಭಾಳ ಹೊತ್ತು ಕಾಣ್ತಾರ್ರೀ."

ಹಾಲ್ ನಕ್ಕಿತು. ಕೆಟ್ಟತನದಿಂದಲ್ಲ. ಆ ದನಿಗೆ, ಆ ಮಾತಿಗೆ ನಗುವುದನ್ನು ಇಷ್ಟು ವರ್ಷ ಅವನೇ ಕಲಿಸಿದ್ದ. ಕೆಲವರು ತಟ್ಟನೆ ಬಾಯಿ ಮುಚ್ಚಿಕೊಂಡರು, ಆದರೆ ಆಗಬೇಕಾದ್ದು ಆಗಿಹೋಗಿತ್ತು. ಅವನ ಹಾಳು ಅಭ್ಯಾಸವೂ ಅಡ್ಡ ಬಂತು: ನಗು ಇಳಿಯಲೆಂದು ಲೆಕ್ಕಕ್ಕೆ ಸರಿಯಾಗಿ ಮಾತು ನಿಲ್ಲಿಸಿದ. ನಿಲ್ಲಿಸಿದ ಮೇಲೆ ಆಂಬುಲೆನ್ಸಿನ ಮಾತು ಬಾಯಿಗೆ ಬರಲಿಲ್ಲ, ರೋಡ್ ಹಂಪ್ ಬಂತು. ಅದನ್ನೇ ಹೇಳಿದ. ಹೆದರಿ ಕೂತಿದ್ದ ಜನ ಸದ್ಯ ಬದುಕಿದೆವು ಎಂಬಂತೆ ಇನ್ನೂ ಜೋರಾಗಿ ನಕ್ಕರು.

ಮುರಳೀಧರ ಬಂದು ಹೆಗಲ ಮೇಲೆ ಕೈ ಹಾಕಿದ. "ಇಂಥ ದುಃಖದಲ್ಲೂ ನಗಿಸ್ತಾರೆ ನೋಡಿ, ಅದಕ್ಕೇ ಇವರು ನಮ್ಮ ಶಶಿ."

ಶಶಿಕಾಂತ್ ಕೈ ಮುಗಿದ. ಕಣ್ಣು ಮಾತ್ರ ಹಿಂದಿನ ಸಾಲಿಗೆ ಹೋಯಿತು. ಎಲ್ಲರೂ ಕೂತೇ ಇದ್ದರು. ಎದ್ದು ಬಾಗಿಲು ತಳ್ಳಿಕೊಂಡು ಹೋಗುವವರು ಯಾರೂ ಇರಲಿಲ್ಲ.